ಮೂರನೇ ಮೆಮೊ

ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವವರಿಗೆ ದಿನಕ್ಕೊಂದು ಪ್ರಸಂಗ ಆಗಲಿಲ್ಲವೆಂದರೆ ಅವತ್ತು ಅಂಗಡಿಗೆ ರಜೆ ಎಂದು ತಿಳಿಯಬೇಕು. ನಾಲ್ಕು ಮಹಡಿಯ ಅಂಗಡಿಯಾದರೆ ಮಹಡಿಗೊಂದರಂತೆ ಆಗುತ್ತದೆ. ದುರ್ಗದ ದೊಡ್ಡ ಜವಳಿ ಮಳಿಗೆಯೊಂದರ ಸೀರೆ ವಿಭಾಗಕ್ಕೆ ನಾನು ಸೇರಿದ ಹೊಸದರ ಮಾತು ಇದು. ಈಗ ನೆನೆಸಿಕೊಂಡರೆ ನಗು ಬರುತ್ತದೆ. ಆಗ ಬರುತ್ತಿರಲಿಲ್ಲ.

ಕಾರಣ ಹೇಳುತ್ತೇನೆ. ಮೊದಲ ಆರು ತಿಂಗಳು ನಮ್ಮನ್ನು ಪರೀಕ್ಷೆಗೆ ಇಟ್ಟುಕೊಳ್ಳುತ್ತಾರೆ. ಅಷ್ಟರೊಳಗೆ ಮೂರು ಮೆಮೊ ಬಂದರೆ ಮನೆಗೆ, ಬರದಿದ್ದರೆ ಕೆಲಸ ಕಾಯಂ. ನನಗೋ ಮೂಗಿನ ತುದಿಯಲ್ಲೇ ಕೋಪ, ನಾಲಿಗೆಯ ತುದಿಯಲ್ಲೇ ಉತ್ತರ. ಹೊಲಕ್ಕೆ ಒಂದಾಳು ಕಮ್ಮಿಯಾಯಿತೆಂಬ ಸಿಟ್ಟು ನಮ್ಮತ್ತೆಗೆ. ನಾನು ಮೊದಲ ದಿನ ನಮ್ಮೂರು ತಾಳ್ಯದಲ್ಲಿ ಬಸ್ಸು ಹತ್ತುವಾಗಲೇ ಬೀದಿಗೆಲ್ಲ ಕೇಳುವಂತೆ ಹೇಳಿದ್ದರು: "ಇವ್ಳ ಬಾಯಿಗೆ ಆರು ತಿಂಗ್ಳು ಯಾರಿಟ್ಕಂತಾರೆ? ಶೇಂಗಾ ಕೀಳೋ ಹೊತ್ಗೆ ವಾಪಸ್ ಬತ್ತಾಳೆ ಬಿಡ್ರಿ."

ಹಾಗೆ ವಾಪಸ್ಸು ಹೋಗಿದ್ದರೆ ಆ ಮಾತನ್ನು ನಾನು ಜೀವಮಾನವಿಡೀ ಕೇಳಬೇಕಿತ್ತು. ಅದಕ್ಕಿಂತ ಶೇಂಗಾ ಕೀಳುವುದೇ ಸುಖ. ಆದ್ದರಿಂದ ಬಾಯಿ ಕಟ್ಟಿಕೊಂಡು ಬದುಕುತ್ತೇನೆಂದು ತೀರ್ಮಾನ ಮಾಡಿದೆ. ತೀರ್ಮಾನ ಹತ್ತು ದಿನ ನಡೆಯಿತು. ಹನ್ನೊಂದನೇ ದಿನ ಒಬ್ಬ ಹೆಂಗಸು, "ಈ ಸೀರೆ ಬಣ್ಣ ಹೋಗುತ್ತೇನಮ್ಮ?" ಎಂದರು. "ಹೋದ್ರೆ ಎಲ್ಲಿಗೋಗುತ್ತಕ್ಕ, ನಿಮ್ ಬಕೀಟಲ್ಲೇ ಇರುತ್ತೆ," ಎಂದುಬಿಟ್ಟೆ. ಮೊದಲ ಮೆಮೊ ಬಂತು.

ಅಡಿಯ ಸೀರೆ

ಮೇಲಿನ ಸೀರೆಯನ್ನು ಎಲ್ಲರೂ ಮುಟ್ಟಿರುತ್ತಾರೆ, ಅಡಿಯಲ್ಲಿರುವುದೇ ಹೊಸದು ಎಂಬುದು ನಮ್ಮ ಕಡೆಯವರ ನಂಬಿಕೆ. ಹೊಸದುರ್ಗದ ಕಡೆಯ ಒಬ್ಬ ಅಕ್ಕ ತಮ್ಮ ತಂಗಿಯ ಸೀಮಂತಕ್ಕೆ ಹಸಿರು ಸೀರೆ ಕೇಳಿಕೊಂಡು ಬಂದರು. ಒಂದೇ ನಮೂನೆಯ ಹತ್ತು ಸೀರೆಗಳ ಅಟ್ಟಿ ತಂದಿಟ್ಟೆ. ಮೇಲಿನದನ್ನು ಸವರಿ ನೋಡಿದರು.

"ಇದೇ ಚೆನ್ನಾಗೈತೆ. ಆದ್ರೆ ಇದ್ ಬ್ಯಾಡ. ಅಡೀಲಿರೋದು ಕೊಡ್ರಿ."

ಮೇಲಿನಿಂದ ಒಂದೊಂದೇ ತೆಗೆದು ಪಕ್ಕಕ್ಕೆ ಪೇರಿಸುತ್ತ ಹೋಗಿ ಅಡಿಯದನ್ನು ಕೊಟ್ಟೆ. ಬಿಡಿಸಿದರು, ಹೆಗಲ ಮೇಲೆ ಹಾಕಿಕೊಂಡರು, ಜೊತೆಯಲ್ಲಿ ಬಂದ ಮೂವರೂ ಸೆರಗು ಹಿಡಿದು ಎಳೆದು ನೋಡಿದರು. ಆಮೇಲೆ ಅಕ್ಕನಿಗೆ ಅನುಮಾನ ಬಂತು. "ಇದೀಗ ನಾವೆಲ್ಲ ಮುಟ್ಟಿದ್ದಾಯ್ತು. ಆ ಅಟ್ಟೀಲಿ ಅಡೀದು ತೆಗೀರಿ."

ನಾನು ಪಕ್ಕಕ್ಕೆ ಪೇರಿಸಿದ ಅಟ್ಟಿ ಈಗ ತಲೆಕೆಳಗಾಗಿತ್ತಲ್ಲ, ಮೊದಲು ಎಲ್ಲಕ್ಕಿಂತ ಮೇಲಿದ್ದದ್ದೇ ಅಡಿಯಲ್ಲಿತ್ತು. ಅಕ್ಕ ತಾವೇ ಕೈ ಹಾಕಿ ಅದನ್ನೇ ಎಳೆದರು. ಮೂಗಿಗೆ ಹಿಡಿದು, "ನೋಡು, ಹೊಸಾ ವಾಸ್ನೆ ಹೆಂಗ್ ಬತ್ತೈತೆ," ಎಂದರು.

ತುಟಿ ಕಚ್ಚಿದೆ. ಕೆನ್ನೆಯೊಳಗೆ ನಾಲಿಗೆ ಒತ್ತಿ ಹಿಡಿದೆ. ಆದರೂ ಹೊರಗೆ ಬಂದೇ ಬಂತು: "ಅಕ್ಕ, ನೀವ್ ಮೊದ್ಲು ಬ್ಯಾಡ ಅಂದ್ರಲ್ಲ, ಅದೇ ಇದು."

ಅಕ್ಕ ಸೀರೆ ಬಿಟ್ಟು ಜೊತೆಯವರನ್ನು ಕರೆದುಕೊಂಡು ಹೋದರು. ಹಿಂದೆ ನಿಂತಿದ್ದ ನಮ್ಮ ಫ್ಲೋರ್ ಮ್ಯಾನೇಜರ್ ಮೆಮೊ ಪುಸ್ತಕ ತೆಗೆದರು. ಕಾರಣದ ಜಾಗದಲ್ಲಿ "ನಿಜ ಹೇಳಿದ್ದು" ಎಂದು ಬರೆಯಲು ಅವರಿಗೂ ಮುಜುಗರವಾಗಿರಬೇಕು. ಸ್ವಲ್ಪ ಹೊತ್ತು ಪೆನ್ನು ಕಚ್ಚಿ, "ಅನವಶ್ಯಕ ಮಾಹಿತಿ ನೀಡಿದ್ದು" ಎಂದು ಬರೆದರು.

ನೋಟ್‌ಬುಕ್ ಮೇಡಂ

ಎರಡು ಮೆಮೊ ಹೊತ್ತುಕೊಂಡು ಹೇಗೋ ಐದನೇ ತಿಂಗಳಿಗೆ ಕಾಲಿಟ್ಟೆ. ಆಗ ಒಂದು ಬೆಳಿಗ್ಗೆ ಮೀಟಿಂಗಿನಲ್ಲಿ ಮ್ಯಾನೇಜರ್ ಹೇಳಿದರು: "ಇನ್ಮೇಲೆ ಹೆಡ್ ಆಫೀಸಿಂದ ಒಬ್ಬರನ್ನ ಗಿರಾಕಿ ಥರ ಕಳಿಸ್ತಾರೆ. ಯಾರು, ಯಾವತ್ತು ಅಂತ ನನಗೂ ಗೊತ್ತಿಲ್ಲ. ತಾವು ಯಾರು ಅಂತ ಅವರು ಬಾಯಿ ಬಿಡೋ ಹಾಗಿಲ್ಲ, ಬಿಟ್ರೆ ಅವರ ಕೆಲಸಾನೇ ಹೋಗುತ್ತೆ. ಸುಮ್ನೆ ನೋಡ್ಕೊಂಡು ಹೋಗಿ ರಿಪೋರ್ಟ್ ಬರೀತಾರೆ." ಹೇಳಿದ್ದು ಎಲ್ಲರಿಗೆ, ನೋಡಿದ್ದು ನನ್ನನ್ನು.

ಅವತ್ತಿನಿಂದ ನನಗೆ ನಿದ್ದೆ ಕೆಟ್ಟಿತು. ಬಂದವರೆಲ್ಲ ಹೆಡ್ ಆಫೀಸಿನವರಂತೆಯೇ ಕಂಡರು. ಕುಂಕುಮ ಅಳಿಸಿದ ಅಜ್ಜಿಯನ್ನೂ ನಂಬುವ ಹಾಗಿರಲಿಲ್ಲ.

ಮೂರನೇ ದಿನ ಕನ್ನಡಕ ಹಾಕಿದ ಮೇಡಂ ಒಬ್ಬರು ಬಂದರು. ಕೈಯಲ್ಲಿ ನೋಟ್‌ಬುಕ್, ಕಿವಿಯ ಹಿಂದೆ ಪೆನ್ನು. ಒಂದೊಂದು ಸೀರೆ ಬಿಡಿಸಿದಾಗಲೂ ಅಂಚು ನೋಡುವರು, ಚೀಟಿ ನೋಡುವರು, ಬರೆದುಕೊಳ್ಳುವರು. ಇವರೇ ಅವರು ಎಂದುಕೊಂಡೆ. ಕುರ್ಚಿ ಹಾಕಿದೆ, ನೀರು ಕೊಟ್ಟೆ, ಬಾದಾಮಿ ಹಾಲು ತರಿಸಿದೆ. ಎರಡು ಗಂಟೆ ಕಾಲ ನಕ್ಕಿದ್ದೇ ನಕ್ಕಿದ್ದು, ಕೊನೆಗೆ ದವಡೆ ನೋಯತೊಡಗಿತು. ಗೋಡೆಯ ಕಪಾಟಿನಲ್ಲಿದ್ದ ಸೀರೆಗಳೆಲ್ಲ ನೆಲಕ್ಕೆ ಬಂದವು.

ಅವರು ನೋಟ್‌ಬುಕ್ ಮುಚ್ಚಿ ಎದ್ದರು. "ನಿನ್ನಂಗೆ ಬೇಜಾರಿಲ್ದಂಗೆ ತೋರ್ಸೋರ್ನ ನಾ ಎಲ್ಲೂ ನೋಡ್ಲಿಲ್ಲ ಕಣಮ್ಮ."

ನಾನು ಅವರ ಕಿವಿಯ ಹತ್ತಿರ ಬಾಗಿದೆ. ಮೆಲ್ಲಗೆ ಹೇಳಿದೆ: "ಹಂಗಂತಲೇ ಬರೀರಿ ಮೇಡಂ."

"ಎಲ್ಲಿ ಬರೀಲಿ?"

"ಅದೇ, ರಿಪೋರ್ಟಲ್ಲಿ."

"ಯಾವ ರಿಪೋರ್ಟು? ಹೊಳಲ್ಕೆರೇಲಿ ನಮ್ ತಮ್ಮ ಬಟ್ಟೆ ಅಂಗ್ಡಿ ಇಟ್ಟವ್ನೆ. ದುರ್ಗದಾಗೆ ಏನೇನ್ ಹೊಸಾವು ಬಂದವೆ, ಬರ್ಕಂಡ್ ಬಾ ಅಂದಿದ್ದ."

ನಾನು ಸಿಟ್ಟು ಮಾಡಲಿಲ್ಲ. ಆ ಅಂಗಡಿಯಲ್ಲಿ ಕೆಲಸ ಖಾಲಿ ಇದೆಯೇ ಎಂದು ಕೇಳಿಟ್ಟುಕೊಂಡೆ.

ಬದನೆಕಾಯಿ ಬಣ್ಣ

ಹಿರಿಯೂರಿನ ಕಡೆಯಿಂದ ಬಂದ ಒಬ್ಬ ಯಜಮಾನರು ಕೌಂಟರಿನ ಮುಂದೆ ನಿಂತು ಟವೆಲ್ಲಿನ ಗಂಟು ಬಿಚ್ಚಿ ಒಂದು ಬದನೆಕಾಯಿ ತೆಗೆದಿಟ್ಟರು. "ನಮ್ಮನೆಯೋಳು ಈ ಬಣ್ಣದ್ದು ತಗಂಬಾ ಅಂದವ್ಳೆ. ಬಾಯಲ್ಲಿ ಹೇಳಿದ್ರೆ ನಾನು ಮರೀತೀನಂತೆ."

ಬೇರೆ ದಿನವಾಗಿದ್ದರೆ ನಾಲ್ಕು ಮಾತು ಆಡುತ್ತಿದ್ದೆ. ಆದರೆ ಹೆಡ್ ಆಫೀಸಿನವರು ಬದನೆಕಾಯಿ ಹಿಡಿದು ಬರುವುದಿಲ್ಲವೆಂದು ಹೇಳಲು ಬರುತ್ತದೆಯೇ? ಗಂಭೀರವಾಗಿ ಕಾಯಿಯನ್ನು ಸೀರೆಗಳ ಮೇಲಿಟ್ಟು ಹೊಂದಿಸುತ್ತ ಬಂದೆ. ಅವರು ತಲೆ ಓರೆ ಮಾಡಿ ನೋಡುವರು. "ಇದಕ್ಕಿಂತ ಒಂಚೂರು ಹೊಳಪಿನ ಬಣ್ಣ ತೆಗೀರಿ. ಕಾಯಿ ಬಸ್ಸಲ್ಲಿ ಬಾಡೈತೆ, ಗಿಡದಾಗಿದ್ದಾಗ ಹಿಂಗಿರ್ಲಿಲ್ಲ."

ಅಷ್ಟರಲ್ಲಿ ಮ್ಯಾನೇಜರ್ ಬಂದರು. ಕೌಂಟರಿನ ಮೇಲೆ ತಿನ್ನುವ ಪದಾರ್ಥ ಇಡಬಾರದೆಂಬುದು ನಿಯಮ. "ಏನಿದು?" ಎಂದರು. ಮೂರನೇ ಮೆಮೊ ಕಣ್ಣ ಮುಂದೆ ಹಾದು ಹೋಯಿತು.

"ಬಣ್ಣ ಹೊಂದ್ಸೋ ಶೇಡ್ ಕಾರ್ಡು ಸಾರ್," ಎಂದೆ.

ಅವರು ಕಾಯಿಯನ್ನು ನೋಡಿದರು, ಯಜಮಾನರನ್ನು ನೋಡಿದರು, ಮುಂದಿನ ಕೌಂಟರಿಗೆ ಹೋದರು. ಕೊನೆಗೆ ಒಂದು ಸೀರೆ ಹೊಂದಿತು. ಯಜಮಾನರು ಸಂತೋಷವಾಗಿ ತೆಗೆದುಕೊಂಡು ಹೋದರು. ನಾಲ್ಕು ದಿನ ಬಿಟ್ಟು ಅದೇ ಸೀರೆ, ಅದೇ ಟವೆಲ್ಲು, ಹೊಸ ಬದನೆಕಾಯಿ.

"ಬಣ್ಣ ಸರಿ ಇಲ್ವಂತಾ?" ಎಂದೆ.

"ಬಣ್ಣ ಸರಿಯಾಗೈತಂತೆ. ಅಂಚು ತೊಟ್ಟಿನ ಬಣ್ಣದ್ದು ಬೇಕಿತ್ತಂತೆ. ಆವತ್ತು ಟವೆಲ್ಲಿಗೆ ಚುಚ್ಚುತ್ತೆ ಅಂತ ತೊಟ್ಟು ನಾನೇ ಮುರಿದು ಎಸೆದಿದ್ದೆ."

ಗಂಟಿನ ಹಗ್ಗ

ಆರು ತಿಂಗಳು ತುಂಬಲು ನಾಲ್ಕು ದಿನ ಉಳಿದಿತ್ತು. ಧರ್ಮಪುರದ ಕಡೆಯಿಂದ ಒಂದು ಟೆಂಪೋ ತುಂಬ ಜನ ಮದುವೆ ಜವಳಿಗೆ ಬಂದಿಳಿದರು. ನಮ್ಮಲ್ಲಿ ಮದುವೆಯವರು ಬಂದರೆ ಒಬ್ಬರೇ ಸಿಬ್ಬಂದಿ ಮೊದಲಿನಿಂದ ಕೊನೆಯವರೆಗೂ ಅವರ ಜೊತೆಗಿದ್ದು ಎಲ್ಲ ಮಹಡಿಗೂ ಕರೆದೊಯ್ಯಬೇಕು. ಪಾಳಿ ನನ್ನದೇ ಬಂತು.

ಹೆಣ್ಣಿನ ಸೀರೆಗಳು ಮುಗಿದವು. ಗಂಡಸರ ಮಹಡಿಗೆ ಹೋದೆವು. "ಮದುಮಗ ಯಾರು?" ಎಂದು ಕೇಳಿದೆ.

ಗಂಡಿನ ಅಜ್ಜಿ ಮುಂದೆ ಬಂದರು. ಇಡೀ ದಂಡಿಗೆ ಅವರೇ ದಂಡನಾಯಕಿ. "ಅವ್ನೆಲ್ಲಿ ಬತ್ತಾನೆ, ಕುರಿ ಹಿಂದೆ ಹೋಗವ್ನೆ. ಮದ್ವೆಗೆ ಎಲ್ಡ್ ದಿನ ಮುಂಚೆ ಬತ್ತಾನೆ. ಅಳತೆ ತಂದಿವ್ನಿ." ಸೊಂಟದಿಂದ ಒಂದು ಹಗ್ಗ ಎಳೆದರು. ಕುರಿ ಕಟ್ಟುವ ಹಗ್ಗ, ಅದರಲ್ಲಿ ಮೂರು ಗಂಟು. ಒಂದು ಎದೆ, ಒಂದು ತೋಳು, ಒಂದು ಎತ್ತರ. ಯಾವ ಗಂಟು ಯಾವುದು ಎಂಬುದರಲ್ಲಿ ಮಾತ್ರ ಮನೆಯವರಲ್ಲೇ ಒಮ್ಮತವಿರಲಿಲ್ಲ. ಅಜ್ಜಿ ಎದೆಯೆಂದದ್ದನ್ನು ಸೋದರಮಾವ ತೋಳೆಂದರು.

ಅಜ್ಜಿ ವಾದಕ್ಕೆ ನಿಲ್ಲಲಿಲ್ಲ. ಹಗ್ಗ ಹಿಡಿದು ಮಹಡಿಯಲ್ಲಿದ್ದ ಗಿರಾಕಿಗಳ ನಡುವೆ ನಡೆದರು. ಅಂಗಿಗಳ ಸಾಲಿನಲ್ಲಿ ಸಣಕಲು ಯುವಕನೊಬ್ಬ ಕಾಲರಿನ ಚೀಟಿ ಓದುತ್ತ ನಿಂತಿದ್ದ. ಅಜ್ಜಿ ಹಿಂದಿನಿಂದ ಹೋಗಿ ಅವನ ಎದೆಗೆ ಹಗ್ಗ ಸುತ್ತಿ ಬಿಗಿದರು. "ಸಿಕ್ದ ನೋಡ್ರೇ. ಗಂಟಿಗೆ ಗಂಟು ಕೂಡ್ತು."

"ಅಜ್ಜಿ, ನಾನು..." ಎಂದ ಅವನು.

"ಒಂದ್ ಗಳಿಗೆ ನಿಂತ್ಕಳಪ್ಪ. ನಮ್ ಹುಡ್ಗ ನಿನ್ನಷ್ಟೇ ಅವ್ನೆ."

ಒಂದು ಗಳಿಗೆ ಎಂದದ್ದು ಒಂದೂವರೆ ಗಂಟೆಯಾಯಿತು. ಅವನ ಅಂಗಿ ಬಿಚ್ಚಿಸಿದರು, ರೇಷ್ಮೆ ಪಂಚೆ ಉಡಿಸಿದರು, ಜುಬ್ಬ ತೊಡಿಸಿದರು, ಮೇಲೆ ಶಲ್ಯ, ತಲೆಗೆ ಪೇಟ. ಹೆಂಗಸರೆಲ್ಲ ನೆಲದ ಮೇಲೆ ಅರ್ಧಚಂದ್ರವಾಗಿ ಕುಳಿತರು. "ಮದ್ವೆ ಆಗೈತಾ?" ಎಂದು ಒಬ್ಬರು ಕೇಳಿದರೆ, "ತಲೆ ತಗ್ಸಪ್ಪ, ಮದುಮಗ ಹಂಗೆ ದಿಟ್ಟಿಸಬಾರ್ದು," ಎಂದು ಇನ್ನೊಬ್ಬರು ತಿದ್ದಿದರು.

ನಾನು ಅವನ ಅಂಗಿಯನ್ನು ಎತ್ತಿ ಮಡಿಸುತ್ತ ನಿಂತಿದ್ದೆ. ಆರು ತಿಂಗಳಿಂದ ಕೈಗೆ ಅದೇ ಚಟ. ಜೇಬಿನಿಂದ ಒಂದು ಕಾರ್ಡು ಜಾರಿತು. ಮೇಲೆ ನಮ್ಮ ಕಂಪನಿಯ ಗುರುತು, ಕೆಳಗೆ ಹೆಡ್ ಆಫೀಸು. ಅದರ ಹಿಂದೆಯೇ ನಾಲ್ಕು ಮಡಿಕೆಯ ಕಾಗದ: "ಸಿಬ್ಬಂದಿ ನಗುಮುಖದಿಂದ ಸ್ವಾಗತಿಸಿದರೇ?"

ಗಿರಾಕಿ ಥರ ಬರುತ್ತಾರೆಂದಿದ್ದವರು ಇವನೇ. ಅವನನ್ನು ಬಿಡಿಸೋಣವೆಂದರೆ ಟೆಂಪೋ ತುಂಬ ಬಂದ ಮದುವೆಯವರು ಎದ್ದು ಹೋಗುತ್ತಾರೆ, ಅದೊಂದು ದೂರು. ಬಿಡಿಸದಿದ್ದರೆ ಅವನೇ ದೂರು. ಅವನಿಗೂ ತಾನು ಯಾರೆಂದು ಹೇಳುವ ಹಾಗಿಲ್ಲ. ಪೇಟದ ಕೆಳಗಿನಿಂದ ನನ್ನನ್ನೇ ನೋಡುತ್ತಿದ್ದ, ಕಟುಕರ ಅಂಗಡಿ ಮುಂದೆ ಕಟ್ಟಿದ ಮರಿಯ ಹಾಗೆ. ಕಾರ್ಡನ್ನೂ ಕಾಗದವನ್ನೂ ಮೆಲ್ಲಗೆ ಅಂಗಿಯ ಜೇಬಿಗೆ ಸೇರಿಸಿ ಬಾಯಿ ಮುಚ್ಚಿಕೊಂಡೆ. ನಾಲ್ಕೇ ದಿನ, ಮುಚ್ಚಿಕೊಂಡಿದ್ದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ.

ಅಜ್ಜಿ ಅವನ ಕೆನ್ನೆ ಸವರಿ ದೃಷ್ಟಿ ತೆಗೆದು ನೆಟಿಗೆ ಮುರಿದರು. ಆಮೇಲೆ ಕೈ ಹಿಡಿದರು. "ನಮ್ ಹುಡ್ಗನ ತಾತ ಟೆಂಪೋದಾಗೆ ಕುಂತವ್ನೆ. ಮಂಡಿ ನೋವು, ಲಿಫ್ಟ್ ಅಂದ್ರೆ ಹೆದ್ರಿಕೆ. ಕೆಳಗೆ ಹೋಗಿ ತೋರ್ಸ್ಕಂಡು ಬರಾಣ, ನಡಿಯಪ್ಪ."

ಅವನು ಕಾಲೂರಿ ನಿಂತ. ಸೋದರಮಾವ ಇನ್ನೊಂದು ಕೈ ಹಿಡಿದರು. ಬಿಲ್ಲಾಗದ ಬಟ್ಟೆಯಲ್ಲಿ ಹೆಡ್ ಆಫೀಸು ಮೆಟ್ಟಿಲ ಕಡೆ ಹೊರಟಿತು. ಬಾಗಿಲು ದಾಟಿದರೆ ಅಲಾರಂ ಕೂಗಿಕೊಳ್ಳುತ್ತದೆ, ಗಾರ್ಡು ಮದುಮಗನನ್ನು ಹಿಡಿಯುತ್ತಾನೆ. ನನಗೆ ತಡೆಯಲಾಗಲಿಲ್ಲ. ಅಡ್ಡ ಹೋಗಿ ನಿಂತೆ.

"ಅಜ್ಜಿ, ನಾವ್ ಬಟ್ಟೆ ಮಾತ್ರ ಕೊಡೋದು. ಗಂಡು ಕೊಡಲ್ಲ."

ತಿರುಗಿ ನೋಡಿದರೆ ಹಿಂದೆ ಮ್ಯಾನೇಜರ್, ಕೈಯಲ್ಲಿ ಮೆಮೊ ಪುಸ್ತಕ. ನನಗೆ ಅಳು ಬಂತು. ತಾಳ್ಯದ ಬಸ್ಸು, ಅತ್ತೆಯ ಮುಖ, ಎಲ್ಲ ಒಟ್ಟಿಗೆ ಕಂಡವು.

ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಕೊಡಲ್ಲ ಅನ್ನೋಳು ಮದ್ಲೇ ಹೇಳ್ಬೇಕಿತ್ತಲ್ಲವ್ವ. ಇಷ್ಟೊತ್ತು ಯಾಕ್ ತೊಡ್ಸಿದ್ದು?" ಎಂದು ಕೈ ಬಿಟ್ಟರು. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಬಟ್ಟೆಯನ್ನೆಲ್ಲ ತೆಗೆದುಕೊಂಡೇ ಹೋದರು. ಯುವಕ ಅಂಗಿ ಹಾಕಿಕೊಂಡು, ಗುಂಡಿ ಅಡ್ಡಾದಿಡ್ಡಿ ಸೇರಿಸಿಕೊಂಡು, ಓಡಿದ. ಅವನು ಯಾರೆಂದು ಮ್ಯಾನೇಜರಿಗೆ ಹೇಳಿದೆ. ಅವರು ಮೂರನೇ ಮೆಮೊ ಬರೆದರು, ಆದರೆ ಕೈಗೆ ಕೊಡಲಿಲ್ಲ. ಅವನ ರಿಪೋರ್ಟೂ ಬರಲಿ, ನಾಲ್ಕನೇ ದಿನ ಎರಡೂ ಒಟ್ಟಿಗೆ ನೋಡೋಣ ಎಂದರು.

ನಾಲ್ಕನೇ ದಿನ ಬೆಳಗಿನ ಮೀಟಿಂಗಿನಲ್ಲಿ ರಿಪೋರ್ಟ್ ಓದಿದರು. ನಾನು ಕಂಬ ಹಿಡಿದು ನಿಂತಿದ್ದೆ. ಟ್ರಯಲ್ ರೂಮು: ಬಳಸಲು ಅವಕಾಶ ಸಿಗಲಿಲ್ಲ. ಬಟ್ಟೆಯ ಗುಣಮಟ್ಟ: ಜುಬ್ಬ ಕಂಕುಳಲ್ಲಿ ಬಿಗಿ, ಪೇಟ ಸೆಕೆ. ಸಿಬ್ಬಂದಿಯ ವರ್ತನೆ: "ಮದುವೆಯವರ ಜೊತೆಗಿದ್ದ ಹೆಣ್ಣುಮಗಳು ಗ್ರಾಹಕರ ಎದುರು ಒರಟಾಗಿ ಮಾತಾಡಿದರು. ಮಾತಾಡಿದ್ದರಿಂದ ನಾನು ಉಳಿದೆ. ಇಂಥವರು ಪ್ರತಿ ಮಹಡಿಗೂ ಒಬ್ಬರು ಇರಬೇಕು."

ಮ್ಯಾನೇಜರ್ ಪುಸ್ತಕದಿಂದ ಒಂದು ಹಾಳೆ ಹರಿದು ಮುದ್ದೆ ಮಾಡಿ ಬುಟ್ಟಿಗೆ ಹಾಕಿದರು. ನಾನು ಕಂಬ ಬಿಟ್ಟು ನೆಲದ ಮೇಲೇ ಕುಳಿತೆ. ಅವರು ಕೊನೆಯ ಪ್ರಶ್ನೆ ಓದಿದರು: "ಈ ಮಳಿಗೆಗೆ ಮತ್ತೆ ಬರುವಿರಾ?"

ಅದರ ಮುಂದೆ ಅವನು ಬರೆದಿದ್ದ: "ಬರಲೇಬೇಕು. ಅಜ್ಜಿ ಮುಂದಿನ ಸೋಮವಾರ ನನಗೆ ತೋರಿಸಲು ಮೊಮ್ಮಗಳನ್ನು ಕರೆದುಕೊಂಡು ಬರುತ್ತಾರಂತೆ."