ಎವೇಲಿಯೊನ ಬಾಲ್ಕನಿ

ಎವೇಲಿಯೊಗೆ ಬೇಕಿದ್ದದ್ದು ಒಂದೇ: ನಿದ್ದೆ. ಅವನು ರಾತ್ರಿಯಿಡೀ ಗೋದಾಮು ಕಾದು ಬೆಳಗ್ಗೆ ಬಂದು ಮಲಗುವವನು. ಅವನ ಗ್ರಹಚಾರಕ್ಕೆ, ಹವಾನಾದ ಆ ಬೀದಿಯಲ್ಲಿ ಮೂಲೆಯ ಬೇಕರಿ ಕಾಣುತ್ತಿದ್ದದ್ದು ಅವನ ಮೂರನೇ ಮಹಡಿಯ ಬಾಲ್ಕನಿಯಿಂದ ಮಾತ್ರ. ಕಣ್ಣು ಮುಚ್ಚುವಷ್ಟರಲ್ಲಿ ಕೆಳಗಿನಿಂದ ಕೂಗು ಏಳುತ್ತಿತ್ತು.

“ಎವೇಲಿಯೋ! ಬ್ರೆಡ್ ಬಂತೇನೋ? ಸಾಲು ಎಷ್ಟುದ್ದ ಇದೆ?”

ಆಗದು ಎನ್ನಲು ಬಾರದ ಜೀವ. ಎದ್ದು, ನೋಡಿ, ಹೇಳಿ, ಮಲಗುತ್ತಿದ್ದ. ಮತ್ತೆ ಕೂಗು.

ಆ ಶನಿವಾರ ನಿರ್ಧರಿಸಿಬಿಟ್ಟ. ಬಾಲ್ಕನಿಗೊಂದು ಕ್ಯಾಮೆರಾ, ಅದು ಕಂಡದ್ದನ್ನು ತೋರಿಸಲು ಒಂದು ವೆಬ್ ಪುಟ. ಜನ ತಂತಮ್ಮ ಮನೆಯಲ್ಲೇ ಬೇಕರಿ ನೋಡಿಕೊಳ್ಳಲಿ.

ಸುದ್ದಿ ಹಬ್ಬಿದ್ದೇ ತಡ, ಬೀದಿಯೇ ಮಹಡಿ ಹತ್ತಿತು. ಮೆಕ್ಯಾನಿಕ್ ಓಸ್ಮಾನಿ ಪೆನ್‌ಡ್ರೈವಿನಲ್ಲಿ ಸರ್ವರ್ ತಂತ್ರಾಂಶ ತಂದ. ಎದುರುಮನೆಯ ಮಿರ್ತಾ, ಮಗಳು ಸ್ಪೇನಿನಿಂದ ಕಳಿಸಿದ ಕ್ಯಾಮೆರಾ ಕೊಟ್ಟಳು. ಹೊಟ್ಟೆ ಬಿಚ್ಚಿಸಿಕೊಂಡ ಎವೇಲಿಯೊನ ಹಳೆಯ ಕಂಪ್ಯೂಟರು, ಶಸ್ತ್ರಚಿಕಿತ್ಸೆಯ ನಡುವೆ ವೈದ್ಯರು ಕಾಫಿಗೆ ಎದ್ದುಹೋದ ರೋಗಿಯಂತೆ ಬಿದ್ದಿತ್ತು.

“ಬಿಸಿಯಾಗ್ತಿದೆ, ಫ್ಯಾನ್ ಹಿಡೀರಪ್ಪಾ!”

“ಅದಕ್ಕಲ್ಲ ಓಸ್ಮಾನಿ, ಮೊದಲು ನಿನಗೆ ಹಿಡೀಬೇಕು!”

ಎರಡು ಸಲ ಕರೆಂಟು ಹೋಯಿತು. ಮಾಡಿದ್ದೆಲ್ಲ ಅಳಿಸಿಹೋಯಿತು. ಎವೇಲಿಯೊ ಗೊಣಗದೆ ಮೊದಲಿನಿಂದ ಶುರುಮಾಡಿದ. ಮಧ್ಯಾಹ್ನದ ಹೊತ್ತಿಗೆ ಪರದೆಯ ಮೇಲೆ ಬೇಕರಿ ಮೂಡಿತು.

“ಬೆಕ್ಕು ಕೂಡ ಕಾಣ್ತಿದೆ ಕಣ್ರೋ!” ಮಿರ್ತಾ ಕಣ್ಣೊರೆಸಿಕೊಂಡಳು. “ಎಂಥ ತಲೆಯೋ ನಿಂದು, ಮಗನೇ!”

“ಆದ್ರೆ ಒಂದ್ ವಿಷಯ,” ಓಸ್ಮಾನಿ ತಲೆ ಕೆರೆದ. “ಇದು ಸದ್ಯಕ್ಕೆ ಈ ಡಬ್ಬಿಯೊಳಗೇ ಓಡ್ತಿದೆ. ಬೇರೆ ಮನೇಲಿ ಕಾಣಬೇಕಂದ್ರೆ ಇಲ್ಲಿಗೆ ಇಂಟರ್ನೆಟ್ ಕೇಬಲ್ ಎಳೀಬೇಕು.”

“ಎಲ್ಲಿದೆ ಕೇಬಲ್?”

“ಇದ್ದಿದ್ರೆ ಎಳೀತಿರ್ಲಿಲ್ವಾ?”

ಎವೇಲಿಯೊನ ಮುಖ ಬಾಡಿದ್ದು ಕಂಡು ಮಿರ್ತಾ ಬೆನ್ನು ತಟ್ಟಿದಳು. “ನೀನು ಮಲಕ್ಕೋ ಹೋಗು. ಕೂಗಿ ಎಬ್ಬಿಸಿದೋರ ನಾಲಗೆ ಕಿತ್ತಾಕ್ತೀನಿ.”

ಮಾತಿಗೆ ತಪ್ಪಲಿಲ್ಲ. ಯಾರೂ ಕೂಗಲಿಲ್ಲ. ಆದರೂ ಗುಜುಗುಜು ಸದ್ದಿಗೆ ಎಚ್ಚರವಾಗಿ ಅವನು ಹೊರಬಂದ. ಕಂಪ್ಯೂಟರಿನ ಮುಂದಿನಿಂದ ಹೊರಟ ಜನರ ಸಾಲು ಬಾಗಿಲು ದಾಟಿ ಮೆಟ್ಟಿಲಿಳಿದಿತ್ತು. ಒಬ್ಬೊಬ್ಬರೂ ಅವನ ಕುರ್ಚಿಯಲ್ಲಿ ಕೂತು, ಪರದೆಯ ಬೇಕರಿ ನೋಡಿ, “ಆಹಾ!” ಎಂದು ಏಳುತ್ತಿದ್ದರು. ಪಕ್ಕದಲ್ಲೇ ತೆರೆದ ಬಾಲ್ಕನಿ, ಅದರಾಚೆ ನಿಜವಾದ ಬೇಕರಿ. ಅತ್ತ ಒಬ್ಬರೂ ತಿರುಗಲಿಲ್ಲ.

ಎವೇಲಿಯೊಗೆ ಒಳಗೊಳಗೇ ಹೆಮ್ಮೆಯಾಯಿತು. ಅದನ್ನು ನುಂಗಿಕೊಂಡು, ಕಂಪ್ಯೂಟರ್ ಆರಿಸಲು ಕೈ ಚಾಚಿದ.

“ಏಯ್! ಸಾಲು ಕಾಣಲ್ವೇನೋ ನಿನಗೆ?” ಹತ್ತು ಕಂಠ ಗದರಿದವು.

“ಇದು ನನ್ನ ಮನೆ...”

“ಬೇಕರಿಯವನೂ ಹಂಗೇ ಅಂತಾನೆ. ಸಾಲು ಸಾಲೇ!”

ಎವೇಲಿಯೊ ಕೈ ಹಿಂದೆಗೆದ. “ಕೊನೆಯವರು ಯಾರು?” ಎಂದು ಮೆಲ್ಲಗೆ ಕೇಳಿದ. ಪ್ರಶ್ನೆ ಬಾಯಿಂದ ಬಾಯಿಗೆ ಮೆಟ್ಟಿಲಿಳಿಯಿತು; ಎಲ್ಲೋ ಕೆಳಗೆ, ಮೊದಲ ಮಹಡಿಯಲ್ಲಿ, ಒಂದು ಕೈ ಎದ್ದಿತು. ಇಳಿದು ಹೋಗಿ ಅದರ ಹಿಂದೆ ನಿಂತು, ಗೋಡೆಗೊರಗಿ ಕಣ್ಣು ಮುಚ್ಚಿದ.

ಬೀದಿಯಿಂದ ಹೊಸ ಕೂಗೊಂದು ಎದ್ದಿತು.

“ಎವೇಲಿಯೋ! ನಿನ್ನ ಮನೇಲಿ ಸಾಲು ಎಷ್ಟುದ್ದ ಇದೆಯೋ?”