ಅನಾಹುತದ ಮೇಡಂ

ಅನಾಹುತ ಕಲಿಸುವವರ ಜೊತೆ ಸಂಸಾರ ಮಾಡಿದರೆ ಇಂಥವು ಆಗುತ್ತಲೇ ಇರುತ್ತವೆ. ನನ್ನ ಹೆಂಡತಿ ಕೊಪ್ಪಳದ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಳು. ಹೊಳೆ ಬಂದರೆ, ಸಿಡಿಲು ಬಡಿದರೆ, ಬೆಂಕಿ ಹತ್ತಿದರೆ ಮಂದಿ ಹೆಂಗೆ ಪಾರಾಗಬೇಕು, ಆಮೇಲೆ ಊರು ಹೆಂಗೆ ಚೇತರಿಸಿಕೊಳ್ಳಬೇಕು, ಅದೇ ಆಕೆಯ ಓದು. ಅದೇ ನೌಕರಿ. ಹಳ್ಳಿಯವರು ‘ಅನಾಹುತದ ಮೇಡಂ’ ಅನ್ನುತ್ತಿದ್ದರು.

ನಾನು ಟಂಟಂ ಆಟೋ ಹೊಡೆಯುವವನು. ಏಳನೇತ್ತಕ್ಕೆ ಸಾಲಿ ಬಿಟ್ಟೆ. ಆಕೆ ಮದುವೆಯಾದ ಮೇಲೂ ಓದಿದಳು. ಓದುತ್ತಲೇ ಹೋದಳು. ಕುಷ್ಟಗಿ, ಯಲಬುರ್ಗಾ, ಗಂಗಾವತಿ, ಎಲ್ಲಿಗೆ ಅಂದರೆ ಅಲ್ಲಿಗೆ ಟಂಟಂನಲ್ಲಿ ನಾನೇ ಕರೆದೊಯ್ದೆ.

ಆಕೆ ತೀರಿಕೊಂಡು ವರ್ಷದ ಮೇಲಾಯಿತು. ಅಳುವುದು ಇನ್ನೂ ಮುಗಿದಿಲ್ಲ. ಅದು ಮುಗಿಯಲಿ ಅಂತ ಕಾಯ್ದರೆ ನಕ್ಕಿದ್ದು ಮರೆತು ಹೋಗುತ್ತದೆ. ಅದಕ್ಕೇ ಹಟ ಹಿಡಿದು ಬರೆಯಲು ಕೂತಿದ್ದೇನೆ.

ಹಿಂದಿನ ಬಾಗಿಲು

ಎಲ್ಲಿಗೆ ಹೋದರೂ ಆಕೆ ಮೊದಲು ಹೊರಗೆ ಹೋಗುವ ದಾರಿ ಹುಡುಕುವಳು. ಒಮ್ಮೆ ಸಂಬಂಧಿಕರ ಮಗಳ ಮದುವೆ. ಬಸ್ ಸ್ಟ್ಯಾಂಡಿನ ಬೆನ್ನಿಗೇ ಕಲ್ಯಾಣ ಮಂಟಪ. ಹಿಂದಿನ ಬಾಗಿಲಿಗೆ ಅಕ್ಕಿ ಚೀಲ ಒಟ್ಟಿದ್ದರು.

“ಬೆಂಕಿ ಹತ್ತಿದ್ರ ಇಷ್ಟು ಮಂದಿ ಎಲ್ಲಿಂದ ಹೊರಗ ಹೋಗ್ಬೇಕು?” ಅಂದಳು.

ಅಡುಗೆಯವನು ಸೌಟು ಹಿಡಿದು ಬಂದ. “ಅಕ್ಕಾರ, ಬೆಂಕಿ ನನ್ನ ಕೈಯಾಗ ಐತಿ. ನೀವು ಹೋಗಿ ಮದುಮಕ್ಕಳಿಗೆ ಅಕ್ಕಿಕಾಳು ಹಾಕ್ರಿ.”

“ಚೀಲ ನೀವು ತೆಗೀತೀರೋ, ನಾನ ತೆಗೀಲೋ?”

ಆಕೆ ಸೆರಗು ಸಿಗಿಸಿದಳು. ಇನ್ನೇನು ಮಾಡುವುದು, ನಾನೇ ಚೀಲ ಹೊತ್ತೆ. ಬಾಗಿಲು ತೆರೆಯಿತು. ಬಸ್ಸಿಗೆ ಕಾಯುತ್ತಿದ್ದವರ ಮೂಗಿಗೆ ಗೋದಿ ಹುಗ್ಗಿಯ ವಾಸನೆ ಬಡಿಯಿತು. ಒಬ್ಬ ಒಳಗೆ ಇಣುಕಿದ. ಅವನ ಹಿಂದೆ ಇನ್ನೊಬ್ಬ. ಚೀಲ, ಬುಟ್ಟಿ, ಕೂಸು ಸಮೇತ ಬಂದು ಕೂತರು. ಪಂಕ್ತಿ ಭರ್ತಿಯಾಯಿತು. ಬೀಗರು ನಿಂತೇ ಉಳಿದರು.

ಹುಡುಗಿಯ ಅಪ್ಪ ನನ್ನ ಕಿವಿಯಲ್ಲಿ ಹೇಳಿದ: “ಮಾವಾ, ನಿನ್ನ ಹೇಣ್ತಿ ಮಂದಿ ಹೊರಗ ಹೋಗಾಕಂತ ಬಾಗಲಾ ತಗದ್ಲು. ಗದಗಿನ ಬಸ್ಸ ಒಳಗ ಬಂದೈತಿ ನೋಡು.”

ಬೇವಿನ ಗಿಡ

ಕುಷ್ಟಗಿ ಕಡೆಯ ಒಂದು ಊರು. ಸಿಡಿಲಿನ ಬಗ್ಗೆ ತಿಳಿವಳಿಕೆ ಕೊಡುವ ಸಭೆ. ಗಿಡದ ಬುಡಕ್ಕೆ ನಿಲ್ಲಬಾರದು ಅನ್ನುವುದೇ ಮುಖ್ಯ ಪಾಠ. ಸಭೆ ಇಟ್ಟದ್ದು ಬೇವಿನ ಗಿಡದ ಬುಡಕ್ಕೆ. ಆ ಊರಲ್ಲಿ ಸಭೆ ಅಂದರೆ ಅಲ್ಲೇ.

ಪಾಠ ಅರ್ಧಕ್ಕೆ ಬಂದಿತ್ತು. ಮೋಡ ಕಪ್ಪಾಯಿತು. ಗುಡುಗಿತು.

“ಏಳ್ರಿ, ಏಳ್ರಿ! ಸಾಲಿಯೊಳಗ ನಡೀರಿ!” ಅಂತ ಆಕೆ ಕೂಗಿದಳು.

ಯಾರೂ ಏಳಲಿಲ್ಲ. ಒಬ್ಬ ಹಿರಿಯ ಕೈ ಮುಗಿದ. “ಅವಸರ ಇಲ್ರಿ ಮೇಡಂ. ಪೂರಾ ಹೇಳ್ರಿ. ಛಲೋ ಹೇಳಾಕ ಹತ್ತೀರಿ.”

ಆಕೆ ಅವನ ರಟ್ಟೆ ಹಿಡಿದೆಬ್ಬಿಸಿದಳು. ಉಳಿದವರು ಹಿಂದೆ ಓಡಿದರು. ಸಾಲಿಗೆ ಕೀಲಿ. ಹೆಡ್ ಮಾಸ್ತರು ಕುಷ್ಟಗಿಗೆ ಹೋಗಿದ್ದರು. ಆಕೆ ನನ್ನ ಮುಖ ನೋಡಿದಳು. ನಾನು ಟಂಟಂನಿಂದ ಜ್ಯಾಕ್ ರಾಡು ತಂದು ಕೀಲಿ ಮುರಿದೆ. ಎಲ್ಲರೂ ಒಳಗೆ ತುಂಬಿಕೊಂಡೆವು. ಸಿಡಿಲು ಎಲ್ಲೋ ದೂರ ಬಿತ್ತು.

ಮಳೆ ನಿಂತಿತು. ಆ ಹಿರಿಯ ಮುರಿದ ಕೀಲಿ ಕೈಯಲ್ಲಿ ಹಿಡಿದು ಕೇಳಿದ: “ಮೇಡಂ, ನಾಳಿ ಹೆಡ್ ಮಾಸ್ತರು ಬಂದು ಗುಡುಗ್ತಾರ. ಆವಾಗರ ಗಿಡದ ಬುಡಕ ನಿಂದ್ರಬಹುದೇನ್ರಿ?”

ಸತ್ತವನು

ಆಕೆಯ ದೊಡ್ಡ ಓದು, ಅಂದರೆ ಪಿಎಚ್‌ಡಿ, ನಡೆದದ್ದು ಗಂಗಾವತಿ ಕಡೆ, ಹೊಳೆದಂಡೆಯ ಒಂದು ಸಣ್ಣ ಊರಲ್ಲಿ. ಡ್ಯಾಮಿನ ಗೇಟು ಎತ್ತಿದರೆ ಅಲ್ಲಿ ಕೆಳಗಿನ ಓಣಿಗೆ ನೀರು ನುಗ್ಗುತ್ತದೆ. ಡಂಗುರ ಹೊಡೆದ ಕೂಡಲೇ ಎಲ್ಲರೂ ದಿನ್ನೆ ಏರಬೇಕು. ಆಕೆ ಅದನ್ನು ರೂಢಿ ಮಾಡಿಸುತ್ತಿದ್ದಳು. ಒಂದು ದಿನ ಆಕೆಯ ಗೈಡ್ ಸಾರು ನೋಡಲು ಬಂದರು.

ಹೊಳೆ ನೀರಿಗೆ ಸಿಕ್ಕು ಸತ್ತವನಂತೆ ಮಲಗಲು ಒಬ್ಬ ಬೇಕಿತ್ತು. ಅಪಶಕುನ ಅಂತ ಯಾರೂ ಒಪ್ಪಲಿಲ್ಲ.

“ನೀವ ಮಲಗ್ರಿ,” ಅಂದಳು.

ಓಣಿಯ ನಡುವೆ ಮಲಗಿದೆ. ಡಂಗುರ ಬಡಿಯಿತು. ಮಂದಿ ದಿನ್ನೆ ಏರತೊಡಗಿದರು. ಕೆಳಗಿನ ಓಣಿಯ ಒಬ್ಬ ಅಜ್ಜಿ ಮಾತ್ರ ಏರಲಿಲ್ಲ. ಬಂದು ನನ್ನ ತಲೆಯ ಹತ್ತಿರ ಕೂತಳು. ಎದೆ ಬಡಿದುಕೊಂಡು ಹಾಡಿ ಅಳತೊಡಗಿದಳು.

“ಹುಲಿಯಂಥಾವ ಹೋದೆಲ್ಲೋ ನನ್ನಪ್ಪಾ! ಊರಿಗೆ ಊರ ಸಾಕಿದಾವ ಹೋದೆಲ್ಲೋ!”

ಸೀಟಿ ಹಿಡಿದು ನಿಂತಿದ್ದ ನನ್ನ ಹೆಂಡತಿ ಮೆಲ್ಲಗೆ ಅಂದಳು: “ಅಷ್ಟೆಲ್ಲಾ ಬ್ಯಾಡ ಬೇ ಯವ್ವಾ. ಟಂಟಂ ಹೊಡಿತಾನ ಅಷ್ಟ.”

ನನ್ನ ಹೊಟ್ಟೆ ಕುಣಿಯಿತು. ತಡೆದೆ. ಆಗಲಿಲ್ಲ. ಎದ್ದು ಕೂತು ನಕ್ಕೆ. ಏರಿದ್ದ ಮಂದಿ ನೋಡಲು ಕೆಳಗೆ ಇಳಿದು ಬಂದರು.

“ಒಂದು ಕೆಲಸಾ ನೆಟ್ಟಗ ಮಾಡಂಗಿಲ್ಲ ನೀವು,” ಅಂತ ಆಕೆ ಸಿಡಿದಳು.

ಗೈಡ್ ಸಾರು ಮಾತ್ರ ಕನ್ನಡಕ ಒರೆಸಿಕೊಂಡು ಅಂದರು: “ಇರಲಿ ಬಿಡಮ್ಮಾ. ಸತ್ತವರೇ ಇಷ್ಟು ಬೇಗ ಚೇತರಿಸಿಕೊಳ್ಳುವ ಊರು ನಾನೆಲ್ಲೂ ನೋಡಿಲ್ಲ.”

ಕಟ್ಟೆ

ಪದವಿ ಬಂತು. ಆದರೂ ಆಕೆಗೆ ಸಮಾಧಾನ ಇರಲಿಲ್ಲ. “ಆ ಅಜ್ಜಿ ಒಬ್ಬಾಕಿ ಮ್ಯಾಲೆ ಬರವಲ್ಲಳು. ಆಕಿ ಬಂದ್ರ ನನ್ನ ಓದು ಮುಗೀತು ನೋಡ್ರಿ,” ಅನ್ನುವಳು.

ಅಷ್ಟರಲ್ಲಿ ನನ್ನ ಹೆಂಡತಿಯೇ ಹೋದಳು. ಎದೆನೋವು ಅಂದಳು. ಆಸ್ಪತ್ರೆ ಮುಟ್ಟಲಿಲ್ಲ. ಊರೂರಿಗೆ ಮುನ್ಸೂಚನೆ ಕೊಟ್ಟವಳು ನನಗೆ ಒಂದು ಕೊಡಲಿಲ್ಲ.

ಅಜ್ಜಿಯನ್ನು ನಾನೇ ಏರಿಸಬೇಕು ಅಂತ ಗಟ್ಟಿ ಮಾಡಿಕೊಂಡೆ. ಆ ಕಡೆ ಬಾಡಿಗೆ ಸಿಕ್ಕಾಗೆಲ್ಲ ಆಕೆಯ ಮನೆಗೆ ಹೋಗುತ್ತಿದ್ದೆ. ಚಹಾ ಕೊಡುವಳು. ನೀರಿನ ಮಾತು ಎತ್ತಿದರೆ ಕಪ್ಪು ಕಸಿದುಕೊಳ್ಳುವಳು. “ಹೊಳಿ ನನಗ ಸಣ್ಣಾಕಿ ಇದ್ದಾಗಿಂದ ಗೊತ್ತು. ಆಕಿ ನನ್ನ ಕಟ್ಟಿ ಏರಂಗಿಲ್ಲ.”

ಈ ಮಳೆಗಾಲ ಗೇಟು ಎತ್ತಿದರು. ಸುದ್ದಿ ಕೇಳಿ ಟಂಟಂ ಓಡಿಸಿಕೊಂಡು ಹೋದೆ. ಡಂಗುರ ಆಗಿತ್ತು. ಊರೆಲ್ಲ ದಿನ್ನೆಯ ಮೇಲಿತ್ತು. ಓಣಿಯಲ್ಲಿ ಕಣಕಾಲು ಮಟ ನೀರು. ಅಜ್ಜಿ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕುತ್ತಿದ್ದಳು. ಪಕ್ಕಕ್ಕೆ ಎಮ್ಮೆ.

“ಏಳ್ ಬೇ ಯವ್ವಾ.”

“ಒಲ್ಲೆ.”

“ನೀರು ಬಂತಲ್ಲ?”

“ಬರ್ಲಿ. ಹೋಕ್ಕೈತಿ.”

ನನ್ನ ಹೆಂಡತಿಯಾಗಿದ್ದರೆ ಏನೋ ಹೇಳುತ್ತಿದ್ದಳು. ನಾನು ಅಜ್ಜಿಯ ಪಕ್ಕ ಕೂತುಬಿಟ್ಟೆ.

“ನೀ ಏಳೂತನಕ ನಾನೂ ಏಳಂಗಿಲ್ಲ.”

“ಹುಚ್ಚ ಅದಿಯೇನು? ಹೋಗು.”

“ಇಲ್ಲ.”

ನೀರು ಕಟ್ಟೆಯ ಅಂಚಿಗೆ ಬಂತು. ನನ್ನ ಕಾಲುಗಳು ಮುಳುಗಿದ್ದವು. ಹೆಂಡತಿ ನೆನಪಾಗಿ ಕಣ್ಣು ತುಂಬಿ ಬಂತು. ಅಜ್ಜಿ ಎಲೆ ಅಗಿಯುವುದು ನಿಲ್ಲಿಸಿದಳು. ನನ್ನ ಮುಖ ನೋಡಿದಳು. ಹೊಳೆ ನೋಡಿದಳು. ಮತ್ತೆ ನನ್ನ ಮುಖ ನೋಡಿದಳು.

“ಲೇ ಮೂಳಾ! ಹೇಣ್ತಿ ಹಿಂದ ಹೋಗಾಕ ಬಂದಿಯೇನೋ?”

“ಹಂಗಲ್ಲ ಬೇ...”

“ಬಾಯಿ ಮುಚ್ಚು! ಸಾಯಾಕ ನನ್ನ ಮನಿ ಕಟ್ಟೀನ ಸಿಕ್ತೇನು?”

ಧಡಕ್ಕನೆ ಎದ್ದಳು. ಎಮ್ಮೆಯ ಹಗ್ಗ ಬಿಚ್ಚಿದಳು. ನನ್ನ ಮಣಿಕಟ್ಟು ಹಿಡಿದಳು. ಅದೇನು ಹಿಡಿತ! ಬಳೆಯ ಗುರುತು ಬಿತ್ತು. ಹಂಗಲ್ಲ ಅಂತ ಬಿಡಿಸಿ ಹೇಳೋಣ ಅಂದರೆ, ಮತ್ತೆ ಹೋಗಿ ಕಟ್ಟೆಯ ಮೇಲೆ ಕೂತಾಳು. ಸುಮ್ಮನೆ ಎಳೆಸಿಕೊಂಡೆ. ಎರಡು ಸಲ ನಿಂತು ಹಿಂದಕ್ಕೆ ತಿರುಗಿಯೂ ನೋಡಿದೆ. ಆಕೆ ಇನ್ನೂ ಜೋರಾಗಿ ಎಳೆದಳು.

“ಹಿಡೀರಿ ಇವನ್ನ! ಹೊಳಿಗೆ ಬೀಳಾಕ ಹೊಂಟಾನ!” ಅಂತ ದಾರಿಯುದ್ದಕ್ಕೂ ಬೈಗುಳ. “ಆಕಿ ಮ್ಯಾಲೆ ಏರ್ರಿ, ಮ್ಯಾಲೆ ಏರ್ರಿ ಅಂತ ಊರಿಗೆಲ್ಲಾ ಬಡ್ಕೊಂಡ್ಲು. ಗಂಡಗ ಒಂದೀಟು ಹೇಳಿ ಕೊಡಬಾರದಿತ್ತಾ?”

ದಿನ್ನೆ ಏರಿದೆವು. ಕೆಳಗೆ ಆಕೆಯ ಕಟ್ಟೆ ಮುಳುಗಿತು. ಆಕೆ ಅದನ್ನು ನೋಡಲೂ ಇಲ್ಲ. ನನ್ನ ಕೈ ಬಿಟ್ಟರೆ ತಾನೆ.

ಸಂಜೆ ತಾಲ್ಲೂಕಿನಿಂದ ಒಬ್ಬ ಸಾಹೇಬರು ಬಂದರು. ಅಜ್ಜಿಯನ್ನು ನೋಡಿ ನನ್ನ ಬೆನ್ನು ತಟ್ಟಿದರು. “ಭೇಷ್! ಹಟಮಾರಿ ಅಜ್ಜಿ ಅಂತ ಕೇಳಿದ್ದೆ. ಹೆಂಗ ಕರಕೊಂಡು ಬಂದ್ರಿ?”

ಅಜ್ಜಿ ನನ್ನನ್ನು ಹಿಂದಕ್ಕೆ ಸರಿಸಿ ಮುಂದೆ ಬಂದಳು.

“ಏನ್ ಕೇಳ್ತೀರಿ ಸಾಹೇಬ್ರ? ಎಮ್ಮಿ ತಾನ ಬಂತು. ಇವನ್ನ ಎಳ್ಕೊಂಡು ಬರೂದ್ರಾಗ ನನ್ನ ಜೀವಾ ಹೋತು!”