ಯಾರ ಮಾತೂ ಕೇಳದ ಮೆಷಿನ್

ಹೆದರುವವನ ಸುತ್ತಲೇ ನಗೆಯ ಪ್ರಸಂಗಗಳು ಹೆಚ್ಚಾಗಿ ನಡೆಯುತ್ತವೆಯೇನೋ ಎಂದು ಈಚೆಗೆ ನನಗೆ ಅನ್ನಿಸುತ್ತಿದೆ. ಜೋಗುಪಾಳ್ಯದ ನಮ್ಮ ಶಾಲೆಯಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಶಾಲೆಯ ಪಾಠ, ಅಂಕಪಟ್ಟಿಗಳನ್ನೆಲ್ಲ ಇಟ್ಟಿರುವ ಕಂಪ್ಯೂಟರಿನ ಜವಾಬ್ದಾರಿಯೂ ನನ್ನದೇ. ಅದು ಶಾಲೆಯಲ್ಲಿಲ್ಲ. ಯಾವುದೋ ಕಂಪನಿಯ ದೊಡ್ಡ ಯಂತ್ರದೊಳಗೆ ನಮಗೆಂದು ಬಿಟ್ಟುಕೊಟ್ಟ ಒಂದು ಪಾಲು, ಕ್ಲೌಡ್ ಅನ್ನುತ್ತಾರೆ.

ನನ್ನ ಹೆಂಡತಿ ಇದೇ ಶಾಲೆಯ ಕನ್ನಡ ಮಿಸ್ ಆಗಿದ್ದಳು. ಕೊರೊನಾ ಕಾಲದಲ್ಲಿ ಅವಳು ಮನೆಯಿಂದ ಹೇಳಿದ ನಲವತ್ತೊಂದು ಪಾಠಗಳ ಧ್ವನಿ ಆ ಮೆಷಿನ್ನಿನಲ್ಲಿದೆ. ಕಳೆದ ವರ್ಷ ಅವಳು ತೀರಿಕೊಂಡಳು. ಆ ಧ್ವನಿ ಬೇರೆಲ್ಲೂ ಇಲ್ಲ. ಇನ್ನೊಂದು ಪ್ರತಿ ತೆಗೆದಿಡಬೇಕೆಂದು ಗೊತ್ತಿತ್ತು. ತೆಗೆಯಲು ಹೋಗಿ ಅಳಿಸಿಬಿಟ್ಟರೆ ಎಂಬ ಭಯಕ್ಕೆ ಕೈಹಚ್ಚಿರಲಿಲ್ಲ.

ಆಯುಧಪೂಜೆ

ಪೂಜೆಯ ದಿನ ನಮ್ಮ ಆಯಾ ಗಂಟೆ, ಲ್ಯಾಬಿನ ತಕ್ಕಡಿ, ವ್ಯಾನು ಎಲ್ಲಕ್ಕೂ ಕುಂಕುಮ ಹಚ್ಚಿ ನನ್ನ ಮುಂದೆ ಬಂದು ನಿಂತರು.

"ನಿಮ್ಮ ಮೆಷಿನ್ ಎಲ್ಲಿ ಸಾರ್?"

"ಇಲ್ಲಿಲ್ಲಮ್ಮ."

"ರಿಪೇರಿಗೆ ಹೋಗಿದ್ಯಾ?"

"ಅದು ಇರೋದೇ ಬೇರೆ ಕಡೆ. ನಾನೂ ನೋಡಿಲ್ಲ."

ಆಯಾ ಗಾಬರಿಯಾದರು. "ನೋಡೇ ಇಲ್ದಿರೋದನ್ನ ನಂಬ್ಕೊಂಡು ಎಲ್ಲಾ ಅದ್ರಲ್ಲೇ ಇಟ್ಟಿದೀರಾ?"

ರಾತ್ರಿ ನಿದ್ದೆ ಬಾರದೆ ನಾನು ನನಗೇ ಕೇಳಿಕೊಳ್ಳುವ ಪ್ರಶ್ನೆ ಅದು. ಅಷ್ಟರಲ್ಲಿ ಹೆಡ್‌ಮಿಸ್ಟ್ರೆಸ್ ಕೂಗಿದರು: "ಪಾಸ್‌ವರ್ಡ್ ಇರೋದು ಅವರ ತಲೇಲಿ ತಾನೆ? ಅವರಿಗೇ ಹಚ್ಚಿ!"

ಹಚ್ಚಿದರು. ಬೂದುಗುಂಬಳಕಾಯಿಯನ್ನೂ ನನ್ನ ತಲೆಯ ಸುತ್ತ ಮೂರು ಸಲ ನಿವಾಳಿಸಿದರು. ಒಡೆಯುವಾಗ ಮಾತ್ರ ದಯೆ ತೋರಿ ಸ್ವಲ್ಪ ಪಕ್ಕಕ್ಕೆ ಸರಿದರು.

ಕ್ಲಾಸ್ ಲೀಡರ್

ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಕೆ.ಆರ್. ಪುರದ ಬಳಿ ಕಂಪ್ಯೂಟರ್ ರಕ್ಷಣೆಯ ಕೆಲಸದಲ್ಲಿದ್ದಾಳೆ. ಒಂದು ಶನಿವಾರ ಅವಳನ್ನು ಕರೆಸಿದೆ.

"ಆಂಟಿವೈರಸ್ ಹಾಕಿದ್ದೀನಮ್ಮ. ದಿನಾ ನೋಡ್ತೀನಿ, ಎಲ್ಲಾ ಸರಿಯಿದೆ ಅನ್ನುತ್ತೆ."

"ಅದೇ ಸಾರ್ ಭಯ. ಕೆಲವು ವೈರಸ್ಸು ಮೆಷಿನ್ ಆನ್ ಆಗಿ ಪೂರ್ತಿ ಏಳೋಕೆ ಮುಂಚೆನೇ ಎದ್ದು ತಳದಲ್ಲಿ ಕೂತ್ಬಿಡ್ತವೆ. ಆಂಟಿವೈರಸ್ ಏಳೋದು ಆಮೇಲೆ. ಇವು ತೋರ್ಸಿದ್ದನ್ನೇ ಅದು ನೋಡೋದು. ನೀವು ಹೊರಗೆ ಹೋಗೋವಾಗ, ಮಾತಾಡೋರ ಹೆಸರು ಬೋರ್ಡ್ ಮೇಲೆ ಬರಿ ಅಂತ ಲೀಡರ್‌ಗೆ ಹೇಳ್ತಿದ್ರಲ್ಲ? ಲೀಡರೇ ಗಲಾಟೆ ಮಾಡ್ತಿದ್ರೆ?"

"ಬೋರ್ಡ್ ಖಾಲಿ ಇರುತ್ತೆ" ಎಂದೆ. ಆಮೇಲೆ ಏನೋ ನೆನಪಾಯಿತು. "ನೀನು ಲೀಡರ್ ಆಗಿದ್ದ ವರ್ಷ ಬೋರ್ಡ್ ಯಾವಾಗಲೂ ಖಾಲಿ ಇರ್ತಿತ್ತಲ್ಲಮ್ಮ?"

"ಅದಕ್ಕೇ ಸಾರ್, ನನಗೆ ಈ ಕೆಲಸ ಕೊಟ್ಟಿರೋದು."

ಗೇಟು

ಅವಳು ಅಂದೇ ಎರಡು ಕಾವಲು ಹಾಕಿದಳು. ಒಂದು, ಮೆಷಿನ್ ಏಳುವಾಗ ಗುರುತಿಲ್ಲದ ಯಾವುದನ್ನೂ ಒಳಗೆ ಬಿಡುವುದಿಲ್ಲ. ಇನ್ನೊಂದು, ಅದು ಸರಿಯಾಗಿ ಏಳುವ ರೀತಿಯನ್ನು ಬರೆದಿಟ್ಟುಕೊಂಡು, ಯಾವತ್ತಾದರೂ ಬೇರೆ ಥರ ಎದ್ದರೆ ನನಗೆ ಮೇಲ್ ಕಳಿಸುತ್ತದೆ. "ನನ್ನ ಕೇಳ್ದೆ ಏನೂ ಒತ್ಬೇಡಿ" ಎಂದೂ ಹೇಳಿ ಹೋದಳು.

ಸೋಮವಾರವೇ, ಮೆಷಿನ್ನಿನ ಜೊತೆಗೇ ಏಳುತ್ತಿದ್ದ, ಅಂಕಪಟ್ಟಿ ಮುದ್ರಿಸುವ ಹಳೆಯ ತಂತ್ರಾಂಶ ಹೊರಗುಳಿಯಿತು.

"ಯಾಕಂತ್ರೀ?" ಹೆಡ್‌ಮಿಸ್ಟ್ರೆಸ್ ಕೇಳಿದರು.

"ಗುರುತಿಲ್ಲವಂತೆ ಮೇಡಂ."

"ನಾನು ಹೇಳ್ದೆ ಅಂತ ಹೇಳಿ ಒಳಗೆ ಬಿಡಿಸ್ರಿ."

"ಯಾರು ಹೇಳಿದ್ರೂ ಕೇಳಲ್ಲ ಮೇಡಂ."

"ಹೆಡ್‌ಮಿಸ್ಟ್ರೆಸ್ಸು ಅಂದ್ರಾ?"

ಆ ಮಧ್ಯಾಹ್ನ ಸ್ಟಾಫ್ ರೂಮಿನವರೆಲ್ಲ ಒಬ್ಬೊಬ್ಬರಾಗಿ ಬಂದು, ಹೆಡ್‌ಮಿಸ್ಟ್ರೆಸ್ ಮಾತನ್ನೂ ಕೇಳದ ಮೆಷಿನ್ನಿನ ಪರದೆಯ ದರ್ಶನ ಮಾಡಿಕೊಂಡು ಹೋದರು.

ಮೇಲ್

ಒಂದು ಬುಧವಾರ ಬೆಳಗ್ಗೆ ಪ್ರಾರ್ಥನೆಗೆ ಮುಂಚೆ ಮೇಲ್ ನೋಡಿದೆ: ಮೆಷಿನ್ ಎಂದಿನಂತೆ ಎದ್ದಿಲ್ಲ.

ಹುಡುಗಿಗೆ ಫೋನ್ ಮಾಡಿದೆ. "ಏನೂ ಮುಟ್ಬೇಡಿ ಸಾರ್, ಬರ್ತಿದೀನಿ."

"ತಳದಲ್ಲಿ ಏನಾದರೂ ಕೂತಿದ್ದರೆ?"

"ಒಳಗಿರೋ ಯಾವುದನ್ನೂ ನಂಬೋಕಾಗಲ್ಲ. ಎಲ್ಲಾ ಅಳಿಸಿ ಹೊಸದಾಗಿ ಮಾಡ್ಬೇಕು. ಮಿಸ್ ಪಾಠಗಳ ಕಾಪಿ ಇಟ್ಟಿದೀರಲ್ಲ?"

"ಬೇಗ ಬಾರಮ್ಮ" ಎಂದು ಫೋನ್ ಇಟ್ಟೆ.

ಅವಳು ಬಂದು ಒಂದು ಗಂಟೆ ತಡಕಾಡಿದಳು. ಒಂದು ಪಕ್ಕ ಹೆಡ್‌ಮಿಸ್ಟ್ರೆಸ್, ಇನ್ನೊಂದು ಪಕ್ಕ ನಿಂಬೆಹಣ್ಣು ಹಿಡಿದ ಆಯಾ.

"ನಿನ್ನೆ ನೀವೇನಾದ್ರೂ ಮಾಡಿದ್ರಾ ಸಾರ್?"

"ಶಾಲೆ ಬಿಟ್ಟ ಮೇಲೆ ಅವಳ ಹನ್ನೆರಡನೆಯ ಪಾಠ ಕೇಳಿದೆ."

"ಅಷ್ಟೇನಾ?"

"ಅಪ್‌ಡೇಟ್ ಒತ್ತಿದೆ."

"ಸಾರ್! ಅಪ್‌ಡೇಟ್ ಆದ್ರೆ ಏಳೋ ರೀತಿನೇ ಬದಲಾಗುತ್ತೆ. ನೋಡಿ, ಅದೇ ಆಗಿರೋದು. ವೈರಸ್ಸೂ ಇಲ್ಲ, ಏನೂ ಇಲ್ಲ. ಒತ್ಬೇಡಿ ಅಂದಿದ್ನಲ್ಲ, ಯಾರು ಒತ್ತೋಕೆ ಹೇಳಿದ್ದು?"

"ಮಿಸ್."

"ಯಾವ ಮಿಸ್?"

ಹನ್ನೆರಡನೆಯ ಪಾಠ ಹಾಕಿದೆ. ಪದ್ಯದ ಅರ್ಥ ಹೇಳುತ್ತಿದ್ದವಳು ನಡುವೆ ನಿಲ್ಲಿಸಿದಳು: "ರೀ, ಶಾಲೆ ಮೆಷಿನ್ ಅಪ್‌ಡೇಟ್ ಕೇಳ್ತಿದೆ. ಇನ್ನೆಷ್ಟು ದಿನ ಆಮೇಲೆ, ಆಮೇಲೆ ಅಂತೀರಿ? ಹೆದರ್ಬೇಡಿ, ಒತ್ರೀ. ಮಕ್ಕಳೇ, ಎರಡನೇ ಸಾಲು ನೋಡಿ..."

ಐದು ವರ್ಷದ ಹಿಂದಿನ ಮಾತು. ಅವತ್ತು ಒತ್ತಿರಲಿಲ್ಲ. ನಿನ್ನೆ ಒತ್ತಿದೆ.

ಹುಡುಗಿ ಮೂಗು ಒರೆಸಿಕೊಂಡು, ಮೊದಲು ನಲವತ್ತೊಂದೂ ಪಾಠಗಳನ್ನು ಎರಡು ಪೆನ್‌ಡ್ರೈವಿಗೆ ಹಾಕಿ ನನ್ನ ಕೈಗೆ ಕೊಟ್ಟಳು. ಆಮೇಲೆ ಪರದೆ ನೋಡಿ ಹೇಳಿದಳು: "ಈ ಬದಲಾವಣೆನ ಒಪ್ಕೋಬೇಕು ಸಾರ್. ಯಾರು ಹೇಳಿ ಮಾಡಿದ್ದು ಅಂತ ಬರೀಬೇಕು."

"ಕನ್ನಡ ಮಿಸ್ ಅಂತ ಬರಿ."

ಬರೆದಳು. ಪರದೆಯ ಮೇಲೆ ಕೆಂಪಗಿದ್ದ ಎಚ್ಚರಿಕೆಯ ಗುರುತು ಹಸಿರಾಯಿತು.

ಹೆಡ್‌ಮಿಸ್ಟ್ರೆಸ್ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಪರದೆಯನ್ನು ಗುರಾಯಿಸಿದರು. "ನೋಡ್ರೀ ಇದನ್ನ! ನಾನು ಎದುರಿಗೆ ನಿಂತು ಹೇಳಿದ್ರೆ ಕೇಳಲ್ಲ. ಅವರು ಅಲ್ಲಿಂದ ಹೇಳಿದ್ರೆ ಒಂದೇ ಮಾತಿಗೆ ಕೇಳ್ತು."